ಈಡು ತುಂಬುವ ಕಸುಬು: ಮಧುಗಿರಿ ಸೀಮೆಯ ಮದ್ದು, ಕೋವಿ, ತೋಟಾ

ಕೋವಿಗೆ ಈಡು ತುಂಬುವುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಬಹುಕಾಲ ಮನೆಯಲ್ಲೇ ನಡೆದ ಕೆಲಸ. ಕಾರ್ಖಾನೆಯ ತೋಟಾ ಪೆಟ್ಟಿಗೆಯಲ್ಲಿ ಬರುವ ಮುಂಚೆ ಪ್ರತಿ ಈಡಿನ ಮದ್ದನ್ನೂ ಗುಂಡನ್ನೂ ಕೋವಿ ಹಿಡಿದವನೇ ಅಳೆದು, ಕೊಳವೆಯ ಬಾಯಿಗೆ ಸುರಿದು, ಗಜವೆಂಬ ಸರಳಿನಿಂದ ಗಿಡಿದು ಸಿದ್ಧಪಡಿಸಿಕೊಳ್ಳಬೇಕಿತ್ತು. ತೋಟಾ ಬಂದ ಮೇಲೂ ಹಾರಿಸಿ ಉಳಿದ ಖಾಲಿ ಸಿಪ್ಪೆಯನ್ನು ಎಸೆಯದೆ ಮತ್ತೆ ತುಂಬಿಕೊಳ್ಳುವ ರೂಢಿ ಬೇಟೆಗಾರರಲ್ಲಿ ಬೆಳೆಯಿತು. ಪಾಳೆಯಗಾರರ ಚರಿತ್ರೆಗಳು ಮುತ್ತಿಗೆಗಳನ್ನೂ ಗೆಲುವು ಸೋಲುಗಳನ್ನೂ ವಿವರವಾಗಿ ಹೇಳುತ್ತವೆ. ಆ ಯುದ್ಧಗಳಿಗೆ ಮದ್ದು ಒದಗಿಸಿದ ಉಪ್ಪಾರರ, ಕಬ್ಬಿಣ ಕೊಟ್ಟ ಕುಲುಮೆಗಳ, ಈಡು ತುಂಬಿದ ಕೈಗಳ ವಿಷಯಕ್ಕೆ ಬಂದಾಗ ಮಾತ್ರ ಅವು ಮೌನವಾಗುತ್ತವೆ. ಕೋವಿಯ ಚರಿತ್ರೆಯ ಅರ್ಧಪಾಲು ಇರುವುದು ಈ ಕೈಗಳಲ್ಲೇ.

ಕನ್ನಡ ನಾಡಿನ ಯುದ್ಧಗಳಲ್ಲಿ ಕೈಕೋವಿಯ ಪ್ರಭಾವ ಎದ್ದುಕಂಡದ್ದು 1520ರ ರಾಯಚೂರು ಯುದ್ಧದಲ್ಲಿ. ಕೃಷ್ಣದೇವರಾಯನ ಪಾಳೆಯಕ್ಕೆ ಬಂದು ಸೇರಿದ್ದ ಪೋರ್ಚುಗೀಸ್ ಕೋವಿಕಾರರು ಕೋಟೆಯ ಮೇಲೆ ನಿಂತವರನ್ನು ಗುರಿಯಿಟ್ಟು ಕೆಡವಿದ್ದನ್ನು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿಟ್ಟಿದ್ದಾನೆ. ವಿಜಯನಗರ ಕುಸಿದ ಮೇಲೆ ತೋಪು ಬಂದೂಕುಗಳು ಬಿಜಾಪುರದ ದಂಡಿನೊಂದಿಗೆ ದಕ್ಷಿಣಕ್ಕೆ ಇಳಿದವು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಸೈನ್ಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕನಿಂದ ಶಿರಾವನ್ನು ಕಿತ್ತುಕೊಂಡಿತು. 1687ರಲ್ಲಿ ಮೊಘಲರು ಅದನ್ನೇ ತಮ್ಮ ಸುಬಾದ ರಾಜಧಾನಿ ಮಾಡಿಕೊಂಡರು. ಅಲ್ಲಿಂದ ಮುಂದೆ ಮೊಘಲ್ ಸುಬೇದಾರ ದಿಲಾವರ್ ಖಾನ್, ಮರಾಠರು, 1761ರಲ್ಲಿ ಹೈದರ್ ಅಲಿ, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು ಎಂದು ಶಿರಾ ಕೈ ಬದಲಾಯಿಸುತ್ತಲೇ ಹೋಯಿತು. ಬಂದ ಒಂದೊಂದು ದಂಡಿನ ಜೊತೆಗೂ ಬಂದೂಕು ಬಂತು, ಅದನ್ನು ರಿಪೇರಿ ಮಾಡುವವನು ಬಂದ, ಮದ್ದಿನ ಬೇಡಿಕೆಯೂ ಬಂತು.

ಸುತ್ತಲಿನ ಪಾಳೆಯಗಾರರು ಸುಮ್ಮನೆ ಕೂರಲಿಲ್ಲ. ಮಧುಗಿರಿಯ ನಾಡಪ್ರಭುಗಳು, ಮಿಡಿಗೇಶಿ, ಕೊರಟಗೆರೆ, ಚನ್ನರಾಯನದುರ್ಗ, ನಿಡಗಲ್ಲು, ಪಾವಗಡದ ನಾಯಕರು ಒಂದೊಂದು ಬಂಡೆಬೆಟ್ಟವನ್ನು ಹಿಡಿದು ಕೋಟೆ ಕಟ್ಟಿದರು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಮಧುಗಿರಿ ಬೆಟ್ಟಕ್ಕೆ ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲುಗಳ ಮೂಲಕ ಹತ್ತಬೇಕು. ಇಂಥ ಏಕಶಿಲೆಯ ಮೇಲೆ ಶತ್ರುವಿನ ತೋಪನ್ನು ಎಳೆದು ತರುವುದು ಅಸಾಧ್ಯದ ಮಾತು. ಮೇಲಿನಿಂದ ಗೋಡೆಯ ಕಿಂಡಿಯಲ್ಲಿ ಬಂದೂಕಿನ ಮೂತಿ ಇಟ್ಟು ಕೂತ ಕೆಲವೇ ಮಂದಿ ಇಕ್ಕಟ್ಟಾದ ಮೆಟ್ಟಿಲ ದಾರಿಯನ್ನು ದಿನಗಟ್ಟಲೆ ಕಾಯಬಹುದಿತ್ತು. ಹಾಗಿದ್ದೂ 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಸೈನ್ಯ ಮಧುಗಿರಿಯನ್ನು ಗೆದ್ದಿತು. ಬೆಟ್ಟದ ಕೋಟೆಗೆ ಅನ್ನ ನೀರಿನಷ್ಟೇ ಅಗತ್ಯವಾಗಿದ್ದದ್ದು ಒಣಗಿದ ಮದ್ದು. ಕಣಜ ತುಂಬಿದ್ದರೂ ಮದ್ದು ತೇವಗೊಂಡರೆ ಕೋಟೆಗೆ ಉಳಿಗಾಲವಿಲ್ಲ. ಆದ್ದರಿಂದಲೇ ದುರ್ಗಗಳಲ್ಲಿ ಮದ್ದಿನ ಮನೆಯನ್ನು ವಾಸದ ಮನೆಗಳಿಂದ ದೂರವಾಗಿ, ದಪ್ಪ ಗೋಡೆ, ಕಿರುಬಾಗಿಲು ಇಟ್ಟು ಕಟ್ಟುತ್ತಿದ್ದರು.

ಮದ್ದಿಗೆ ಬೇಕಾದದ್ದು ಮೂರು: ಪೆಟ್ಲುಪ್ಪು, ಇದ್ದಿಲು, ಗಂಧಕ. ಇವುಗಳಲ್ಲಿ ಮೊದಲಿನದೇ ಹೆಚ್ಚು ಪಾಲು, ಮತ್ತು ಅದು ಊರ ಮಣ್ಣಿನಲ್ಲೇ ಸಿಗುತ್ತಿತ್ತು. ಹಳೆಯ ಹಟ್ಟಿ, ದನದ ಕೊಟ್ಟಿಗೆ, ಪಾಳುಬಿದ್ದ ಮಣ್ಣಿನ ಗೋಡೆಗಳ ಬುಡದಲ್ಲಿ ಗಂಜಲ ಗೊಬ್ಬರಗಳು ವರ್ಷಗಟ್ಟಲೆ ಇಂಗಿ, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಹೂವಿನಂತೆ ಉಪ್ಪು ಏಳುತ್ತದೆ. ಮಳೆ ಕಡಿಮೆಯಿರುವ ಶಿರಾ, ಪಾವಗಡದ ಬಯಲಿನಲ್ಲಿ ಈ ಉಪ್ಪು ಕೊಚ್ಚಿಹೋಗದೆ ಉಳಿಯುತ್ತದೆ. ಉಪ್ಪಾರರು ಆ ಮಣ್ಣನ್ನು ಕೆರೆದು ರಾಶಿ ಹಾಕಿ, ಹುಲ್ಲು ಹಾಸಿದ ತೊಟ್ಟಿಗಳಲ್ಲಿ ನೀರು ಸುರಿದು ಸೋಸಿ, ಸೋಸಿದ ನೀರನ್ನು ಕಾಯಿಸಿ ಆರಿಸಿ ಹರಳು ತೆಗೆಯುತ್ತಿದ್ದರು. ಮಣ್ಣಿನೊಳಗಿನ ಸುಣ್ಣದ ನೈಟ್ರೇಟನ್ನು ಸೌದೆಯ ಬೂದಿಯ ಪೊಟ್ಯಾಶ್ ಬದಲಾಯಿಸಿಕೊಡುತ್ತದೆ ಎಂಬ ರಸಾಯನಶಾಸ್ತ್ರ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಬೂದಿ ಬೆರೆಸಿದರೆ ಹರಳು ಚೆನ್ನಾಗಿ ಕೂರುತ್ತದೆ, ತೇವ ಹಿಡಿಯುವುದಿಲ್ಲ ಎಂಬುದು ಅನುಭವದಿಂದ ಗೊತ್ತಿತ್ತು. ಊಟದ ಉಪ್ಪನ್ನೂ ಇದೇ ಜನ ಚೌಳುಮಣ್ಣಿನಿಂದ ತೆಗೆಯುತ್ತಿದ್ದರು. ಸಮುದ್ರದ ಉಪ್ಪು ಘಟ್ಟ ಹತ್ತಿ ಬರುವುದು ದುಬಾರಿಯಾಗಿದ್ದ ಕಾಲದಲ್ಲಿ ಬಯಲುಸೀಮೆಯ ಬಡವರ ಅಡುಗೆಗೂ ದೊರೆಯ ಬಂದೂಕಿಗೂ ಒಂದೇ ಕಸುಬಿನವರು ಆಧಾರ. ಆದರೂ ಯಾವ ಮುತ್ತಿಗೆಯ ವರ್ಣನೆಯಲ್ಲೂ ಅವರ ಹೆಸರು ಬಾರದಿರುವುದು ದೊಡ್ಡ ಕೊರತೆ.

ಇದ್ದಿಲಿಗೆ ಹಗುರವಾದ, ಬೇಗ ಹೊತ್ತುವ ಕಡ್ಡಿಯೇ ಆಗಬೇಕು. ದಕ್ಷಿಣ ಭಾರತದಲ್ಲಿ ಎಕ್ಕದ ಗಿಡ, ತೊಗರಿ ಕಡ್ಡಿಗಳ ಇದ್ದಿಲು ಇದಕ್ಕೆ ಹೆಸರಾದವು. ಎರಡಕ್ಕೂ ಈ ತಾಲ್ಲೂಕುಗಳಲ್ಲಿ ಬರ ಇರಲಿಲ್ಲ. ಗಂಧಕ ಮಾತ್ರ ಈ ನೆಲದ್ದಲ್ಲ, ಅದು ಕಡಲ ದಾರಿಯಿಂದ ಬರಬೇಕಿತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ತನ್ನ ವ್ಯಾಪಾರ ಕೋಠಿ ಇಟ್ಟು ತರಿಸಿಕೊಳ್ಳುತ್ತಿದ್ದ ಸರಕುಗಳಲ್ಲಿ ಗಂಧಕವೂ ಸೇರಿತ್ತು. ಸೀಸವೂ ಸಂತೆ ಪೇಟೆಗಳ ಮೂಲಕವೇ ಬರುತ್ತಿತ್ತು. ಹೀಗೆ ಊರಿನ ಮದ್ದು ಪೂರ್ತಿ ಊರಿನದಾಗಿರಲಿಲ್ಲ. ಕಡಲ ವ್ಯಾಪಾರ ನಿಂತರೆ ಬೆಟ್ಟದ ಕೋಟೆಯ ಬಂದೂಕಿಗೂ ಕಷ್ಟ.

ಮೂರನ್ನೂ ನುಣ್ಣಗೆ ಅರೆದು ಬೆರೆಸುವುದು ಎಲ್ಲಕ್ಕಿಂತ ಅಪಾಯದ ಹಂತ. ಅದು ಎಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು ಎಂಬುದನ್ನು ಇಂದಿಗೂ ಕಣ್ಣಾರೆ ನೋಡಬೇಕಾದರೆ ಶಿರಾ ಪಾವಗಡಗಳ ನೆರೆಯ ಚಿತ್ರದುರ್ಗದ ಕೋಟೆಗೆ ಹೋಗಬೇಕು. ಅಲ್ಲಿ ನೆಲಮಟ್ಟಕ್ಕಿಂತ ಕೆಳಗೆ, ಕಲ್ಲು ಕಟ್ಟಿದ ಹೊಂಡದೊಳಗೆ ಮದ್ದು ಬೀಸುವ ನಾಲ್ಕು ಭಾರಿ ಬೀಸುಕಲ್ಲುಗಳಿವೆ. ಒಂದೊಂದು ಕಲ್ಲೂ ಆಳುದ್ದಕ್ಕೆ ಹತ್ತಿರದ ಅಗಲ. ಹೊಂಡದ ಮೇಲೆ ನಿಂತು ನೋಡಿದರೆ ಕೆಲಸದ ಏರ್ಪಾಟು ತಾನಾಗಿ ತಿಳಿಯುತ್ತದೆ. ಮದ್ದು ಸಿಡಿದರೆ ಅದರ ಹೊಡೆತ ಪಕ್ಕದ ಕಟ್ಟಡಗಳಿಗೆ ಹಾಯದೆ ಮೇಲಕ್ಕೆ ಹೋಗಲಿ ಎಂದೇ ಅದನ್ನು ಹೀಗೆ ತಗ್ಗಿನಲ್ಲಿ ಕಟ್ಟಿರಬೇಕು. ದೊಡ್ಡ ಪಾಳೆಯಪಟ್ಟಿಗೆ ಇಂಥ ಏರ್ಪಾಟು, ಸಣ್ಣ ದುರ್ಗಗಳಿಗೆ ಒರಳು ಒನಕೆ. ಹದಿನೆಂಟನೆಯ ಶತಮಾನದ ಮೈಸೂರಿನ ಬಾಣಗಳಿಗೂ, ಎಂದರೆ ಯುದ್ಧದ ರಾಕೆಟ್ಟುಗಳಿಗೂ, ಇದೇ ಬಗೆಯ ಮದ್ದು. ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ 2018ರಲ್ಲಿ ಸುಮಾರು ಸಾವಿರ ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದಾಗ ಆ ಉದ್ಯಮದ ಗಾತ್ರ ಎಲ್ಲರಿಗೂ ಅರಿವಾಯಿತು.

ಕಬ್ಬಿಣದ ವಿಷಯದಲ್ಲಿ ಮಧುಗಿರಿ ಸೀಮೆ ಅದೃಷ್ಟವಂತ ನಾಡು. 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗದ ಕಡೆ ಕಬ್ಬಿಣ ಕರಗಿಸುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದ. ಮೊದಲ ಎರಡು ಕಡೆ ಅದಿರು ಎಂದರೆ ಮಳೆಗಾಲದಲ್ಲಿ ಬಂಡೆಬೆಟ್ಟಗಳಿಂದ ಹಳ್ಳಕ್ಕೆ ಇಳಿದು ಬರುವ ಕರಿಮರಳು. ಜನ ಹಳ್ಳದ ದಂಡೆಯಲ್ಲಿ ಅದನ್ನು ತೊಳೆದು ಹಗುರ ಮರಳನ್ನು ನೀರಿಗೆ ಬಿಟ್ಟು ಭಾರವಾದ ಕಪ್ಪು ಕಣವನ್ನು ಉಳಿಸಿಕೊಳ್ಳುತ್ತಿದ್ದರು. ತಿದಿ ಒತ್ತಿ ಇದ್ದಿಲ ಉರಿಯಲ್ಲಿ ಕರಗಿಸಿದ ಕಬ್ಬಿಣದ ಒಂದು ಭಾಗ ನೇಗಿಲ ಕುಳ, ಕುಡುಗೋಲುಗಳಿಗೆ ಹೋಗುತ್ತಿತ್ತು. ಇನ್ನೊಂದು ಭಾಗವನ್ನು ಮಣ್ಣಿನ ಮೂಸೆಯಲ್ಲಿ ತಂಗಡಿ ಕಡ್ಡಿಯ ಜೊತೆ ಇಟ್ಟು ಬಿಗಿಯಾಗಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಆ ಉಕ್ಕಿನಿಂದ ಕಲ್ಲುಕುಟಿಗರ ಉಳಿಯೂ ಕತ್ತಿಯ ಅಲಗೂ ಆಗುತ್ತಿದ್ದವು. ಇಷ್ಟೆಲ್ಲ ಇರುವಲ್ಲಿ ಬಂದೂಕಿನ ಕೊಳವೆ ಕಷ್ಟವಲ್ಲ. ಕಾದ ಕಬ್ಬಿಣದ ಪಟ್ಟಿಯನ್ನು ಸರಳಿನ ಸುತ್ತ ಸುತ್ತಿ, ಬಡಿದು ಬೆಸೆದು, ಆಮೇಲೆ ಒಳಗೆ ಕೊರೆದು ನಯಮಾಡುವುದು ಇಡೀ ಭಾರತದ ನಾಡಬಂದೂಕಿನ ವಿಧಾನ. ಬೆಸುಗೆ ಎಲ್ಲಿಯಾದರೂ ಸಡಿಲವಾಗಿದ್ದರೆ ಕೊಳವೆ ಹಾರಿಸಿದವನ ಕೈಯಲ್ಲೇ ಸೀಳುತ್ತಿತ್ತು. ಕಮ್ಮಾರನ ಹೆಸರು ನಿಲ್ಲುತ್ತಿದ್ದದ್ದು ಅಥವಾ ಹಾಳಾಗುತ್ತಿದ್ದದ್ದು ಇಲ್ಲೇ.

ಬತ್ತಿ ಬಂದೂಕನ್ನು ಹಾರಿಸುವುದು ನಿಧಾನದ ಕೆಲಸ. ಮದ್ದಿನ ಕೊಂಬಿನಿಂದ ಅಳತೆಯ ಮದ್ದನ್ನು ಕೊಳವೆಗೆ ಸುರಿದು, ತೆಂಗಿನ ನಾರನ್ನೋ ಹಳೆ ಬಟ್ಟೆಯ ಚೂರನ್ನೋ ಮೇಲೆ ತುರುಕಿ ಗಜದಿಂದ ಗಿಡಿಯಬೇಕು. ಅದರ ಮೇಲೆ ಸೀಸದ ಗುಂಡು ಅಥವಾ ಸಣ್ಣ ಗುಂಡುಗಳಾದ ಚರೆ, ಅದು ಉರುಳಿ ಬೀಳದಂತೆ ಮತ್ತೊಂದು ನಾರಿನ ಬಿರಡೆ. ಕೊಳವೆಯ ಪಕ್ಕದ ಕಿವಿಯ ಬಟ್ಟಲಿಗೆ ನಯವಾದ ಮದ್ದು ಹಾಕಿ, ಹೊಗೆಯಾಡುವ ಬತ್ತಿಯನ್ನು ಕುದುರೆ ಎಂಬ ಕೊಕ್ಕೆಗೆ ಸಿಕ್ಕಿಸಿ, ಆಮೇಲೆ ಗುರಿ. ಸಣ್ಣ ಮಳೆ ಬಂದರೂ ಬತ್ತಿ ನಂದುತ್ತಿತ್ತು. ರಾತ್ರಿ ಹೊಲ ಕಾಯುವವನ ಬತ್ತಿಯ ಕಿಡಿ ಹಂದಿಗೆ ದೂರದಿಂದಲೇ ಕಾಣುತ್ತಿತ್ತು. ಚಕಮಕಿ ಕಲ್ಲಿನ ಬಂದೂಕು ಸೈನ್ಯಕ್ಕೆ ಬಂದ ಮೇಲೂ ಹಳ್ಳಿಗಳಲ್ಲಿ ಬತ್ತಿಯೇ ಉಳಿಯಿತು. ನಿಜವಾದ ಬದಲಾವಣೆ ತಂದದ್ದು ಕೇಪು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೇಟೆಂಟ್ ಪಡೆದ ಪೆಟ್ಟುಮದ್ದಿನ ಉಪಾಯದಿಂದ ಮುಂದೆ ತಾಮ್ರದ ಪುಟ್ಟ ಟೋಪಿಯಂಥ ಕೇಪು ಹುಟ್ಟಿತು. ಹಳೆ ಕೊಳವೆಗೇ ಮೊಲೆ ಎಂಬ ತೂತಿನ ಮೊಳೆಯೊಂದನ್ನು ಕೂರಿಸಿ, ಅದರ ಮೇಲೆ ಕೇಪು ಸಿಕ್ಕಿಸಿದರೆ ಕುದುರೆಯ ಪೆಟ್ಟಿಗೆ ಈಡು ಹಾರುತ್ತಿತ್ತು. ಬತ್ತಿ ಹೋಯಿತು, ಅದರ ಹೊಗೆ ಹೋಯಿತು, ಮಳೆಯ ಭಯ ಕಡಿಮೆಯಾಯಿತು. ಕೇಪಿನ ಕೋವಿ ಕರ್ನಾಟಕದ ಹಳ್ಳಿಗಳ ಸಾಮಾನ್ಯ ಕೋವಿಯಾಯಿತು. ಆದರೆ ಕೇಪನ್ನು ಊರಲ್ಲಿ ಮಾಡಲಾಗುತ್ತಿರಲಿಲ್ಲ. ಕೋವಿಯ ಜೀವ ಪೇಟೆಯ ಡಬ್ಬಿಯೊಳಗೆ ಸೇರಿದ್ದು ಆಗಲೇ.

ಕೋವಿ ಹಿಡಿದವರು ಯಾರು? ಬೇಡ ನಾಯಕರ ಸಮುದಾಯ ಈ ಸೀಮೆಯ ಪಾಳೆಯಗಳಿಗೆ ದೊರೆಗಳನ್ನೂ ಕಾಲಾಳುಗಳನ್ನೂ ಕೊಟ್ಟಿತು. ಹೈದರನ ಪದಾತಿಯಲ್ಲಿ ಬೇಡರಿಗೆ ವಿಶೇಷ ಸ್ಥಾನವಿತ್ತು. ಮೈಸೂರು ಸಂಸ್ಥಾನದಲ್ಲಿ ಕಂದಾಚಾರವೆಂಬ ನಾಡಸೈನ್ಯದ ವ್ಯವಸ್ಥೆ ಇತ್ತು. ಅದರ ಆಳುಗಳು ಊರಲ್ಲೇ ಇದ್ದು ಬೇಸಾಯ ಮಾಡುತ್ತ, ಕರೆ ಬಂದಾಗ ಆಯುಧ ಹಿಡಿದು ಹೋಗುತ್ತಿದ್ದರು. 1799ರ ನಂತರ ದಿವಾನ್ ಪೂರ್ಣಯ್ಯ ಕಂದಾಚಾರದವರನ್ನು ಕಾವಲು, ಪೊಲೀಸು ಕೆಲಸಗಳಿಗೆ ಉಳಿಸಿಕೊಂಡರು. ಪಾಳೆಯ ಮುಳುಗಿದ ಮೇಲೆ ಕೆಲಸ ಕಳೆದುಕೊಂಡ ಸಾವಿರಾರು ಕೈಗಳು ಬಂಡಾಯಕ್ಕೆ ಹೋಗದಂತೆ ತಡೆದ ಜಾಣ ಕ್ರಮ ಅದು. ಮನೆಯ ಸೂರಿನಡಿ ಬಂದೂಕು ಇಟ್ಟುಕೊಳ್ಳುವುದು ಹೀಗೆ ದಂಡಿನ ಕಾಲ ಮುಗಿದ ಮೇಲೂ ಮುಂದುವರಿಯಿತು. ಹಂದಿ, ಚಿರತೆ, ಕರಡಿಯ ಕಾಟವಿದ್ದ ಬೆಟ್ಟದ ಬುಡದ ಊರುಗಳಲ್ಲಿ ಅದಕ್ಕೆ ಕಾರಣವೂ ಇತ್ತು.

ಆಯುಧ ಒಪ್ಪಿಸಬೇಕೆಂಬ ಆಜ್ಞೆ ಬೇಡ ಸಮುದಾಯಕ್ಕೆ ಎಷ್ಟು ಕಹಿಯಾಗಿತ್ತು ಎಂಬುದಕ್ಕೆ 1857ರ ಹಲಗಲಿ ಸಾಕ್ಷಿ. ಮುಧೋಳ ಸಂಸ್ಥಾನದ ಆ ಊರಿನ ಬೇಡರು ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಒಪ್ಪದೆ ಎದುರು ನಿಂತರು. ಬ್ರಿಟಿಷ್ ಸೈನ್ಯ ಊರನ್ನು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಜನ ಅದನ್ನು ಲಾವಣಿ ಕಟ್ಟಿ ಹಾಡಿದರು. 1860ರ ಮತ್ತು 1878ರ ಶಸ್ತ್ರ ಕಾಯ್ದೆಗಳು ಪರವಾನಗಿಯಿಲ್ಲದೆ ಕೋವಿ ಇಡುವುದನ್ನು ಅಪರಾಧ ಮಾಡಿದವು, 1884ರ ಸ್ಫೋಟಕ ಕಾಯ್ದೆ ಮದ್ದನ್ನೂ ಪರವಾನಗಿಯ ಕೆಳಗೆ ತಂದಿತು. ಕೊಡವರಿಗೆ ಸಿಕ್ಕ ವಿನಾಯಿತಿ ಬಯಲುಸೀಮೆಗೆ ಸಿಗಲಿಲ್ಲ. ಅತ್ತ ಬಿಹಾರದ ಪೆಟ್ಲುಪ್ಪು, ಚಿಲಿಯ ನೈಟ್ರೇಟು ಮಾರುಕಟ್ಟೆ ಹಿಡಿದದ್ದರಿಂದ ಉಪ್ಪಾರರ ತೊಟ್ಟಿಗಳಿಗೆ ಬೆಲೆ ಇಲ್ಲವಾಯಿತು. ಅವರಲ್ಲಿ ಬಹುಮಂದಿ ಮಣ್ಣು, ಗಾರೆ, ಬೇಸಾಯದ ಕೆಲಸಗಳಿಗೆ ತಿರುಗಿದರು. ಜಾತ್ರೆಗಳ ಬಾಣಬಿರುಸಿನಲ್ಲಷ್ಟೇ ಹಳೆ ಮದ್ದು ಉಳಿಯಿತು.

ತೋಟಾದ ಕಾಲ ಇದರ ಬೆನ್ನಲ್ಲೇ ಬಂತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಹಿಂದಿನಿಂದ ಮುರಿದು ತುಂಬುವ ಕೋವಿ ಬಳಕೆಗೆ ಬಂದಾಗ ಕೇಪು, ಮದ್ದು, ಬಿರಡೆ, ಚರೆ ಎಲ್ಲವೂ ಒಂದೇ ಕಾಗದದ ಕೊಳವೆಯೊಳಗೆ ಸೇರಿದವು. ಹನ್ನೆರಡರ ಬೋರು ಎಂಬ ಅಳತೆ ಹಳೆಯ ತೂಕದ ಲೆಕ್ಕದಿಂದ ಬಂದದ್ದು. ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಗುಂಡು ಮಾಡಿದರೆ ಒಂದು ಗುಂಡು ಸರಿಯಾಗಿ ಹಿಡಿಸುವ ಕೊಳವೆ ಅದು. ಇಂಗ್ಲೆಂಡಿನ ಈಲಿ, ಕೈನಾಕ್ ತೋಟಾಗಳು ಮೈಸೂರು ಸೀಮೆಗೆ ಬಂದವು. ಸಾಹುಕಾರರು, ಅಧಿಕಾರಿಗಳು, ಪಟೇಲರು ಅವನ್ನು ಕೊಂಡರು. ಬೆಲೆ ಹೆಚ್ಚು, ಪೇಟೆ ದೂರ, ಪರವಾನಗಿಯಲ್ಲಿ ಕೊಳ್ಳಬಹುದಾದ ಲೆಕ್ಕಕ್ಕೂ ಮಿತಿ. ಆದ್ದರಿಂದ ಹಾರಿಸಿದ ಸಿಪ್ಪೆಯನ್ನು ಮತ್ತೆ ತುಂಬುವುದು ಜಗತ್ತಿನ ಬೇಟೆಗಾರರೆಲ್ಲರ ಕಸುಬಾದಂತೆ ಇಲ್ಲಿಯೂ ಆಯಿತು.

ಈ ಕೆಲಸಕ್ಕೆ ಇದ್ದ ಸಾಮಾನು ಒಂದು ಚೀಲಕ್ಕೆ ಹಿಡಿಸುವಷ್ಟು. ಹಳೆ ಕೇಪನ್ನು ಹೊರಗೆ ನೂಕುವ ಮೊಳೆ, ಹೊಸದನ್ನು ಕೂರಿಸುವ ಒತ್ತುಗ, ಅಳತೆಯ ಬಟ್ಟಲು, ರಟ್ಟು ಮತ್ತು ಉಣ್ಣೆಯ ಬಿಲ್ಲೆಗಳು, ಅವನ್ನು ಒತ್ತುವ ಮರದ ಕಡ್ಡಿ, ಕೊನೆಗೆ ಮೇಜಿಗೆ ಕಚ್ಚಿಸಿ ಹಿಡಿ ತಿರುವುವ ಪುಟ್ಟ ಯಂತ್ರ. ಹಿಡಿ ತಿರುವಿದಂತೆ ಕಾಗದದ ತೋಟಾದ ಬಾಯಂಚು ಒಳಕ್ಕೆ ಸುರುಳಿ ಸುತ್ತಿ ಮೇಲಿನ ರಟ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಕಾಗದದ ಸಿಪ್ಪೆ ಒಂದೆರಡು ಸಲಕ್ಕೆ ಬಾಯಿ ಹರಿದು ನಿಷ್ಪ್ರಯೋಜಕವಾಗುತ್ತಿತ್ತು, ಮಳೆಗಾಲದಲ್ಲಿ ಊದಿಕೊಂಡು ಕೋವಿಯೊಳಗೆ ಸಿಕ್ಕಿಬೀಳುತ್ತಿತ್ತು. ಪೂರ್ತಿ ಹಿತ್ತಾಳೆಯ ಸಿಪ್ಪೆಯೇ ಬಾಳಿಕೆಯದು. ಚರೆಯನ್ನು ದುಂಡಗೆ ಮಾಡುವ ಉಪಾಯ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲಿ ಕಂಡುಹಿಡಿದದ್ದು. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸಿದರೆ ಹನಿ ಗಾಳಿಯಲ್ಲೇ ಗುಂಡಾಗುತ್ತದೆ. ಗೋಪುರವಿಲ್ಲದ ಹಳ್ಳಿಯಲ್ಲಿ ಸೀಸದ ತಗಡನ್ನು ಕತ್ತರಿಸಿ ಉರುಳಿಸಿದ ಒರಟು ಚೂರುಗಳೇ ಗತಿ.

ಇಲ್ಲಿಯೇ ಹಳೆಯ ತಿಳಿವಳಿಕೆ ಜನರಿಗೆ ಕೈಕೊಟ್ಟಿತು. ಕರಿಮದ್ದನ್ನು ಬಟ್ಟಲಲ್ಲಿ ಅಳೆದು ಹಾಕಿದವರ ಕೈಗೆ ಹೊಗೆಯಿಲ್ಲದ ಹೊಸ ಮದ್ದು ಬಂದಾಗ, ಅದೇ ಬಟ್ಟಲು ಸಾವಿನ ಅಳತೆಯಾಗಬಹುದಿತ್ತು. ಹೊಸ ಮದ್ದಿನ ಒತ್ತಡ ಬಹಳ ಹೆಚ್ಚು. ಪಟ್ಟಿ ಸುತ್ತಿ ಬೆಸೆದ ಹಳೆ ಕೊಳವೆಗಳು ಅದನ್ನು ತಾಳುವಂಥವಲ್ಲ. ಬೆರಳು, ಕಣ್ಣು, ಜೀವ ಕಳೆದುಕೊಂಡವರ ಸಂಗತಿಗಳು ಬಂದೂಕು ಇದ್ದ ಎಲ್ಲ ನಾಡುಗಳಲ್ಲೂ ಇವೆ. ಮನೆಯಲ್ಲಿ ತುಂಬಿದ ತೋಟಾವನ್ನು ಮಿತವ್ಯಯದ ಗುರುತಾಗಿ ಮಾತ್ರ ನೆನೆಯುವುದು ಈ ಕಾರಣಕ್ಕೆ ಅರ್ಧಸತ್ಯ. 1869ರಲ್ಲಿ ಆರಂಭವಾದ ಪುಣೆ ಬಳಿಯ ಖಡಕಿಯ ಮದ್ದುಗುಂಡು ಕಾರ್ಖಾನೆಯ ತೋಟಾಗಳು ಸ್ವಾತಂತ್ರ್ಯಾನಂತರ ಪರವಾನಗಿದಾರರಿಗೆ ಸಿಗುವಂತಾದ ಮೇಲೆ, ಕಾಗದದ ಬದಲು ಪ್ಲಾಸ್ಟಿಕ್ ಬಂದ ಮೇಲೆ, ಮನೆಯಲ್ಲಿ ತುಂಬುವ ಅಗತ್ಯ ಕ್ರಮೇಣ ತೀರಿತು.

ಬೇಟೆಯ ಕಾಲವೂ ತೀರಿತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾಯ್ದೆ ತಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬಾಗಿಲು ಹಾಕಿತು. ಹಿಂದೆ ಕೋವಿಯವರ ಗುರಿಯಾಗಿದ್ದ ಕೃಷ್ಣಮೃಗಗಳು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಇಂದು ಹಿಂಡುಹಿಂಡಾಗಿ ಮೇಯುತ್ತವೆ. 798 ಎಕರೆಯ ಆ ಪ್ರದೇಶವನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಘೋಷಿಸಲಾಯಿತು. ಕಡಲೆಕಾಯಿ, ರಾಗಿ ಹೊಲಗಳಿಗೆ ಹಂದಿ, ಕರಡಿಗಳ ಕಾಟ ಮಾತ್ರ ಹಾಗೇ ಇದೆ. ಅದಕ್ಕೆಂದು ಕದ್ದುಮುಚ್ಚಿ ಇಡುವ ಸಿಡಿಮದ್ದಿನ ಉಂಡೆ ಹಂದಿಯದಷ್ಟೇ ಅಲ್ಲ, ಮೇಯಲು ಬಿಟ್ಟ ದನದ ಬಾಯನ್ನೂ ಸೀಳುತ್ತದೆ. ಹಳೆ ಕಸುಬಿನ ಅತ್ಯಂತ ಹೇಯವಾದ ಉಳಿಕೆ ಎಂದರೆ ಇದು.

1962ರಿಂದ ಜಾರಿಯಲ್ಲಿರುವ 1959ರ ಶಸ್ತ್ರ ಕಾಯ್ದೆ ಬಾಯಿಯಿಂದ ತುಂಬುವ ಕೋವಿಯನ್ನು ಇಂದಿಗೂ ಹೆಸರಿಸುತ್ತದೆ. ಬೆಳೆ ರಕ್ಷಣೆಗೆ ನಿಜವಾಗಿ ಬೇಕಾದ ರೈತನಿಗೆ ಅದರ 13ನೇ ಕಲಮಿನಡಿ ಪರವಾನಗಿ ಸಿಗುತ್ತದೆ. ಕೋವಿಯ ಪರವಾನಗಿ ಬೇಟೆಯ ಅನುಮತಿಯಲ್ಲ. ಬೆಳೆ ತಿನ್ನುವ ಕಾಡುಪ್ರಾಣಿಯನ್ನು ಕೊಲ್ಲಲು ವನ್ಯಜೀವಿ ಕಾಯ್ದೆಯಡಿ ಬೇರೆಯೇ ಅಪ್ಪಣೆ ಬೇಕು. ಅದೇ ಶಸ್ತ್ರ ಕಾಯ್ದೆಯ ವ್ಯಾಖ್ಯೆಯಂತೆ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಮದ್ದುಗುಂಡೇ. ಪರವಾನಗಿಯಿಲ್ಲದೆ ಮನೆಯಲ್ಲಿ ತೋಟಾ ತುಂಬುವುದು ಅಪರಾಧ. ಅಜ್ಜನ ಕಾಲದ ಕೇಪಿನ ಕೋವಿ, ಮದ್ದಿನ ಕೊಂಬು, ಹಿತ್ತಾಳೆ ಸಿಪ್ಪೆಗಳು ಅಟ್ಟದಲ್ಲಿ ಉಳಿದಿರುವ ಮನೆಗಳವರು ಮೊದಲು ಮಾಡಬೇಕಾದದ್ದು ಕೊಳವೆಯೊಳಗೆ ಈಡು ಉಳಿದಿರಬಹುದೆಂದು ತಿಳಿದು ಅದನ್ನು ಕೆಣಕದೆ ಇರುವುದು, ಪರವಾನಗಿ ಇಲ್ಲದಿದ್ದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸುವುದು.